ಹಗೇವಿನ ಗಾಳಿ

ಹಗ್ಗ ಜಗ್ಗಿತು, ಇಲ್ಲ, ಜಗ್ಗಲಿಲ್ಲ, ಅಂಚಿಗೆ ತಿಕ್ಕಿ ಜಾರಿತಷ್ಟೇ — ಮೈಲಾರಪ್ಪ ಮೊಣಕಾಲೂರಿ ಹಗೇವಿನೊಳಗೆ ಬಗ್ಗಿ ನೋಡಿದ, ನೆಲದಡಿಯ ಆ ಜೋಳದ ಗುಂಡಿಯ ತಳದಲ್ಲಿ ಕಂದೀಲು ಉರಿಯುತ್ತಿತ್ತು, ಕಂದೀಲು ಉರಿದರ ಗಾಳಿ ಐತಿ, ಅಷ್ಟು ಖರೆ, ಆದರ ಎಂಥಾ ಗಾಳಿ, ಅದನ್ನ ಮೂಗು ಹೇಳಬೇಕು, ಮೂಗು ಎಲ್ಲಿ ಐತಿ, ಮುಖದ ನಡುವ ಅರಲು ಮಣ್ಣು ಮೆತ್ತಿದಂಗ ಐತಿ, ಎಡಗಣ್ಣಿನ ಹಿಂದೆ ಯಾರೋ ಹೆಬ್ಬೆರಳಿಟ್ಟು ಒತ್ತಿದಂಗ, ಬಾಯಿಂದಲೇ ಉಸಿರಾಡಿ ಗಂಟಲು ಒಣಗಿದೆ, ತಾನು ಇಳಿಯಬೇಕಾದಲ್ಲಿ ಹೆಂಡತಿ ಮಂಜವ್ವ ಇಳಿದು ಬುಟ್ಟಿ ತುಂಬುತ್ತಿದ್ದಾಳೆ. ಅಪ್ಪ ಇಳಿದ, ಅಜ್ಜ ಇಳಿದ, ಮುಂಡರಗಿಯ ಸುತ್ತ ಯಾರ ಹಗೇವು ತೆರೆದರೂ ಇದೇ ಮನೆತನಕ್ಕೆ ಕರೆ, ಅವರ ಮೂಗು ಸಾಯೂತನಕ ನೆಟ್ಟಗಿದ್ದುವು, ತನ್ನದಷ್ಟೇ ಕಟ್ಟಿತು, ನೆಗಡಿ ಅಂದರು, ಅಜವಾನದ ಹೊಗಿ, ನೀಲಗಿರಿ ಎಣ್ಣಿ, ಏನೂ ಹತ್ತಲಿಲ್ಲ, ಕಡೆಗೆ ಗದಗಿನ ಲೇಡಿ ಡಾಕ್ಟರ ಬಾಯಾರು ಮೂಗಿನೊಳಗಿಂದ ದ್ರಾಕ್ಷಿಯಂಥ ಮಾಂಸದ ಗುಳ್ಳೆಗಳನ್ನು ಕಿತ್ತು ತೆಗೆದರು, ಅವುಗಳ ಹಿಂದೆ ಹಸಿರುಗಪ್ಪು ಅಂಟು, ಕೆಟ್ಟ ಬೆಲ್ಲದ ಪಾಕದಂಗ, ಅದನ್ನು ಹುಬ್ಬಳ್ಳಿಗೆ ಕಳಿಸಿ ನೋಡಿಸಿದರು, ಬೂಷ್ಟು ಮೈಲಾರಪ್ಪ, ಜೋಳಕ್ಕ ಹತ್ತೂ ಬೂಷ್ಟು, ಅಂದರು. ಅದು ತಲೀ ತಿನ್ನತೈತೇನ್ರಿ ಬಾಯಾರ. ಇಲ್ಲ, ತಿನ್ನೂದಿಲ್ಲ, ಎಲ್ಲಾರ ಮೂಗಿಗೂ ಹೋಗತೈತಿ, ಅವರ ಮೈ ಅದನ್ನ ಮಾತಾಡಿಸೂದಿಲ್ಲ, ನಿನ್ನ ಮೈ ಜಗಳಕ್ಕ ನಿಲ್ಲತೈತಿ, ಈ ಬಾವೆಲ್ಲಾ ಆ ಜಗಳದ್ದು. ಜಗಳ ಬಿಡಿಸಾಕ ಗುಳಿಗಿ ಕೊಟ್ಟರು, ಒಂದು ಮುಂಜಾನೆ ಬಳ್ಳೊಳ್ಳಿ ಒಗ್ಗರಣೆ ಮೂಗಿಗೆ ಬಡಿದು ಅಳು ಬಂತು, ಮಳೆ ಬಿದ್ದ ಎರೆಹೊಲ, ಕುಸುಬಿ ಎಣ್ಣಿ ಹಚ್ಚಿದ ಮಂಜವ್ವನ ಕೂದಲು, ಅವಳ ಕೊರಳ ಬೆವರು, ಏನ್ರೀ ಇದು ಕರುವಿನಂಗ ಮೂಸತೀರಿ ಎಂದು ನಕ್ಕಿದ್ದಳು, ಗುಳಿಗಿ ನಿಂತ ಮ್ಯಾಲೆ ವಾಸನಿ ಒಂದೊಂದೇ ಹೋದವು, ಅವಳ ಕೂದಲು ಎಲ್ಲಕ್ಕಿಂತ ಕಡೆಗೆ. ದಿನಾ ನುಂಗಿದರ ಎಲುಬು ಸವೀತಾವು, ಹಗೇವಿಗೆ ಇಳಿಯೂದು ಬಿಡು, ಅಂದರು ಬಾಯಾರು. ಬಿಟ್ಟು ಎಲ್ಲಿಗೆ ಹೋಗೂದು, ಮ್ಯಾಲಿದ್ದರೂ ಉಸಿರು ಕಟ್ಟತೈತಿ, ತನ್ನ ತಲೆಯೊಳಗ ತಾನೇ ಸಿಕ್ಕಿಬಿದ್ದಂಗ, ಮಳಿಗೆ ಮೊದಲ ಜೋಳ ತೆಗೀಬೇಕು ಎಂದು ಅಂದಾನಪ್ಪ ಸಾವಕಾರ್ರು ಹೇಳಿ ಕಳಿಸಿದಾಗ ಅವನು ಗೋಡೆಗೆ ಮುಖ ಮಾಡಿ ಮಲಗಿದ್ದ, ಮಂಜವ್ವನೇ ಹಗ್ಗ ಹೆಗಲಿಗೆ ಹಾಕಿಕೊಂಡಳು, ನಾ ಇಳೀತೇನಿ, ನೀವು ಮ್ಯಾಲೆ ಹಿಡೀರಿ, ಬ್ಯಾಡ ಅನ್ನಬೇಕಿತ್ತು, ಅಂದಿದ್ದರ ತಾನೇ ಇಳೀಬೇಕಿತ್ತು, ಇವತ್ತು ಮುಂಜಾನೆ ಮುಚ್ಚಳ ತೆಗೆದಾಗ ಗಾಳಿ ಹೆಂಗೈತ್ರಿ ಎಂದು ಕೇಳಿದಳು, ಚಲೋ ಐತಿ ಅಂದ, ವಾಸನಿ ಏನೂ ತಿಳಿಯದೆ ಅಂದ. ಮಂಜೀ — ಕೂಗಿದ್ದು ಮೂಗಿನಲ್ಲಿ ಸಿಕ್ಕಿ ಯಾರದೋ ದನಿಯಾಗಿ ಕೆಳಗಿಳಿಯಿತು, ಇನ್ನಷ್ಟು ಬಗ್ಗಿದ, ಮಂಜೀ, ಆಮೇಲೆ ತಳದಿಂದ ಅವಳ ದನಿ, ಜಗ್ಗರಿ, ಅಂಚಿನ ಜೋಳ ಹಸಿರು ಹಿಡದೈತಿ, ಕೆಟ್ಟ ವಾಸನಿ, ತಲಿ ತಿರುಗಾಕ ಹತ್ತೈತಿ, ಅವನು ಜಗ್ಗಿದ, ಹಗ್ಗ ಅಂಗೈ ಸುಟ್ಟಿತು, ಮೊದಲು ಕೂದಲು ಬಂತು, ಆಮೇಲೆ ಭುಜ, ರಟ್ಟೆ ಹಿಡಿದು ಮೇಲೆಳೆದುಕೊಂಡ, ಮೈತುಂಬಾ ಜೋಳದ ಧೂಳು, ಅಂಚಿನಲ್ಲಿ ಕುಂತು ದೊಡ್ಡದಾಗಿ ಉಸಿರೆಳೆದಳು, ಬದುಕಿದಳು, ಅಂಜಿದ್ರೇನು ಎಂದು ನಕ್ಕಳು, ನಗು ಮುಗಿಯುವ ಮೊದಲೇ ಸೀನಿದಳು. ಸೆರಗಿನಿಂದ ಮೂಗೊರೆಸಿಕೊಂಡಳು. ಮತ್ತೆ ಸೀನಿದಳು. ಏನಿಲ್ರಿ, ಧೂಳು. ತಾನೂ ಹೀಗೇ ಅಂದಿದ್ದ, ತನ್ನದೂ ಸೀನಿನಿಂದಲೇ ಸುರುವಾಗಿತ್ತು, ಯಾರ ಮೈ ಸುಮ್ಮನಿರತೈತಿ, ಯಾರದು ಜಗಳಕ್ಕ ನಿಲ್ಲತೈತಿ, ಬಾಯಾರು ಹೇಳಲಿಲ್ಲ, ಇವಳ ಮೈ, ಇವಳ ಮೈ ಎಂಥಾದು, ಕೇಳಬೇಕೆಂದು ಬಾಯಿ ತೆರೆದ, ಮಂಜವ್ವ ಕೈಯೆತ್ತಿ ತಡೀರಿ ಅನ್ನುವಂತೆ ಸನ್ನೆ ಮಾಡಿದಳು, ಮುಖ ಮೇಲಕ್ಕೆ, ಕಣ್ಣು ಮುಚ್ಚಿ, ತುಟಿ ಬಿರಿದು, ಇನ್ನೊಂದು ಸೀನಿಗೆ ಕಾಯುತ್ತಾ.