ಮೇಲಿನ ಸಾಲು ಬರೆಯುವವಳು

ಆಫೀಸಿನಲ್ಲಿ ಎಲ್ಲರೂ ಅವಳನ್ನು ಸಾಲಕ್ಕ ಎಂದೇ ಕರೆಯುತ್ತಿದ್ದರು. ಸಾಲ ಮಾಡಿದವಳೆಂದಲ್ಲ, ಸಾಲು ಬರೆಯುವವಳೆಂದು. ಕಂಪನಿಗಳು ಬಹುಮಾನದ ಸ್ಪರ್ಧೆ ಹೂಡಿ ಜನರಿಗೆ ಇಮೇಲ್ ಕಳುಹಿಸುತ್ತವಲ್ಲ, ಅದನ್ನು ತೆರೆಯುವ ಮೊದಲೇ ಮೇಲೆ ಕಾಣುವ ಒಂದು ಸಾಲು ಇರುತ್ತದಲ್ಲ, ಅದು ಅವಳ ಹೊಟ್ಟೆಪಾಡು. ಒಳಗಿನದನ್ನು ಬೇರೆ ಯಾರೋ ಬರೆಯುತ್ತಿದ್ದರು. ಅದನ್ನು ಓದುವವರು ಕಡಿಮೆ. ಬರೆದವರೇ ಓದಿದ್ದರೋ ಇಲ್ಲವೋ.

ಕೆಲಸದ ಕ್ರಮ ಸರಳ. ಬೆಳಗ್ಗೆ ಎರಡು ಸಾಲು ಬರೆದು ಸ್ವಲ್ಪ ಜನಕ್ಕೆ ಇದು, ಸ್ವಲ್ಪ ಜನಕ್ಕೆ ಅದು ಎಂದು ಕಳುಹಿಸಬೇಕು. ಊಟದ ಹೊತ್ತಿಗೆ ಯಾವ ಸಾಲು ನೋಡಿ ಹೆಚ್ಚು ಮಂದಿ ಇಮೇಲ್ ತೆರೆದಿದ್ದಾರೋ ಆ ಸಾಲು ಉಳಿದ ಎಲ್ಲರಿಗೂ ಹೋಗುತ್ತದೆ. ಇನ್ನೊಂದು ಕಸದ ಬುಟ್ಟಿಗೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವಳು ‘ನಮ್ಮ ಸ್ಪರ್ಧೆಯಲ್ಲಿ ಭಾಗವಹಿಸಿ’ ಎಂದು ಬರೆದಿದ್ದಳು. ಅದು ಸತ್ಯವಾಗಿತ್ತು, ಅದನ್ನು ನಾಯಿಯೂ ಮೂಸಲಿಲ್ಲ. ಜೊತೆಯಲ್ಲಿ ಹೋದ ‘ನಿಮ್ಮ ಬಹುಮಾನದ ವಿಚಾರವಾಗಿ’ ಎಂಬ ಸಾಲಿಗೆ ಜನ ಮುಗಿಬಿದ್ದರು. ಅಂದಿನಿಂದ ಅವಳು ಅಡ್ಡಗೋಡೆಯ ಮೇಲೆ ದೀಪ ಇಡುವ ವಿದ್ಯೆಯನ್ನು ಕೈವಶ ಮಾಡಿಕೊಂಡಳು. ಗೆದ್ದಿದ್ದೀರಿ ಎಂದೂ ಅನ್ನಬಾರದು, ಗೆದ್ದಿಲ್ಲ ಎಂದೂ ಅನ್ನಿಸಬಾರದು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ವಕೀಲರು ಓದಿ ತಲೆಯಾಡಿಸುತ್ತಿದ್ದರು. ಜನರ ಮೂಗಿಗೆ ತುಪ್ಪ ಸವರುವುದರಲ್ಲಿ ಸಾಲಕ್ಕನನ್ನು ಮೀರಿಸುವವರಿಲ್ಲ ಎಂದು ಸಾಹೇಬರು ಸಭೆಯಲ್ಲೇ ಹೊಗಳಿದ್ದರು, ಅವಳೂ ಹಿಗ್ಗಿದ್ದಳು.

ಅವಳ ಸಾಲುಗಳಲ್ಲಿ ಪಟ್ಟದ ರಾಣಿಯೆಂದರೆ ಹೊಲಿಗೆ ದಾರದ ಕಂಪನಿಗಾಗಿ ಬರೆದದ್ದು: ‘ನಿಮ್ಮ ಹೊಸ ಹೊಲಿಗೆ ಮಿಷನ್ ಹೊರಡಲು ಸಿದ್ಧ, ಮನೆಯಲ್ಲಿ ಜಾಗ ಮಾಡಿದ್ದೀರಾ?’ ಒಳಗೆ, ಇರುವೆಯಷ್ಟು ಸಣ್ಣ ಅಕ್ಷರದಲ್ಲಿ, ಗೆದ್ದರೆ ಮಾತ್ರ ಎಂದಿತ್ತು. ಕಂಪನಿಯ ಇಮೇಲ್ ಪಟ್ಟಿಯಲ್ಲಿದ್ದ ಅರ್ಧಕ್ಕರ್ಧ ಜನ ಅದನ್ನು ತೆರೆದು ನೋಡಿದ್ದರು.

ತೊಂದರೆ ಬಂದದ್ದು ಬಹುಮಾನ ನಿಜವಾಗಿಯೂ ಒಬ್ಬರಿಗೆ ಬಂದಾಗ.

ವಕೀಲರ ಎದುರಿಗೇ ಚೀಟಿ ಎತ್ತಿದರು. ಗೆದ್ದವಳು ಮನೆಯಲ್ಲೇ ಬಟ್ಟೆ ರಿಪೇರಿ ಮಾಡುವ ಒಬ್ಬ ದರ್ಜಿ ಹೆಂಗಸು. ‘ಹರಿದದ್ದು ಹೊಲೀತೀನಿ, ಉದ್ದ ಇದ್ದದ್ದು ಗಿಡ್ಡ ಮಾಡಿಕೊಡ್ತೀನಿ, ನಿಮ್ಮ ದಾರ ಗಟ್ಟಿ’ ಎಂದು ಸ್ಪರ್ಧೆಗೆ ಹೆಸರು ಕೊಡುವಾಗ ಬರೆದಿದ್ದಳು. ನಿಯಮದ ಪ್ರಕಾರ ಅವಳಿಗೆ ಇಮೇಲ್ ಹೋಗಬೇಕು, ವಾರದೊಳಗೆ ಅವಳು ಅದಕ್ಕೆ ಉತ್ತರ ಬರೆಯಬೇಕು. ಬರೆಯದಿದ್ದರೆ ಮಿಷನ್ ಕಂಪನಿಗೇ ಉಳಿಯುತ್ತದೆ.

ಸಾಲಕ್ಕ ಬರೆದಳು: ‘ನೀವು ಗೆದ್ದಿದ್ದೀರಿ’. ಆ ಹೆಂಗಸು ಅದನ್ನು ತೆರೆಯಲಿಲ್ಲ. ‘ಈ ಸಲ ನಿಜವಾಗಿಯೂ ಗೆದ್ದಿದ್ದೀರಿ’ ಎಂದು ಬರೆದಳು. ಅದೂ ಇಲ್ಲ. ‘ಇದು ಜಾಹೀರಾತಲ್ಲ’ ಎಂದು ಬರೆದು ಕಳುಹಿಸಿದ ಮೇಲೆ, ಅದೇ ಸಾಲನ್ನು ಹೋದ ತಿಂಗಳು ಸೋಪಿನ ಕಂಪನಿಗೆ ತಾನೇ ಬರೆದುಕೊಟ್ಟದ್ದು ನೆನಪಾಯಿತು. ಸತ್ಯ ಹೇಳಲು ಒಂದು ಮಾತೂ ಉಳಿದಿರಲಿಲ್ಲ. ಇದ್ದಬದ್ದ ಮಾತನ್ನೆಲ್ಲ ಅವಳೇ ಬಳಸಿ ಸವೆಸಿದ್ದಳು.

ಫೋನ್ ಮಾಡಿದಳು.

“ಅಮ್ಮಾ, ನಿಮಗೆ ಹೊಲಿಗೆ ಮಿಷನ್ ಬಹುಮಾನ ಬಂದಿದೆ.”

“ಗೊತ್ತು ತಾಯಿ. ನನಗೆ ವಾರಕ್ಕೆರಡು ಸಲ ಬರತ್ತೆ,” ಎಂದಿತು ಆ ಕಡೆಯ ದನಿ. “ಕಿವಿ ಮೇಲೆ ಹೂವಿಡೋಕೆ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ.” ಫೋನ್ ಇಟ್ಟ ಸದ್ದಾಯಿತು. ಮತ್ತೆ ಎತ್ತಲಿಲ್ಲ.

ಸಾಹೇಬರಿಗೆ ಇದರಿಂದ ದುಃಖವೇನೂ ಆಗಲಿಲ್ಲ. “ನಾವು ತಿಳಿಸೋದು ತಿಳಿಸಿದೀವಿ. ಅವರ ಹಣೇಲಿ ಬರೆದಿಲ್ಲ, ಬಿಡಿ,” ಎಂದರು. ಅವಳೂ ಬಿಡಬಹುದಿತ್ತು. ಆದರೆ ಇಷ್ಟು ವರ್ಷಗಳಲ್ಲಿ ಮೊದಲ ಸಲ ತನ್ನ ಸಾಲಿನ ಹಿಂದೆ ಒಂದು ನಿಜವಾದ ವಸ್ತುವಿದೆ, ಅದು ಗೋದಾಮಿನಲ್ಲಿ ಕೂತಿದೆ, ಸೇರಬೇಕಾದವಳಿಗೆ ಸೇರುತ್ತಿಲ್ಲ ಎಂದು ಅವಳಿಗೆ ಸಂಕಟವಾಯಿತು. ಸಂಕಟ ಎಂದರೆ ಸಂಕಟವೇ, ಅದಕ್ಕೆ ಬೇರೆ ಹೆಸರಿಲ್ಲ.

ಕೊನೆಯ ದಿನ ತನಗೆ ಗೊತ್ತಿದ್ದ ಒಂದೇ ವಿದ್ಯೆಗೆ ಕೈಹಾಕಿದಳು. ಕಳುಹಿಸುವವರ ಜಾಗದಿಂದ ಕಂಪನಿಯ ಹೆಸರನ್ನು ತೆಗೆದು ತನ್ನ ಹೆಸರು ಹಾಕಿದಳು. ಒಳಗೆ ಬಹುಮಾನದ ಪತ್ರವನ್ನು ಹಾಗೆಯೇ ಇಟ್ಟು, ಮೇಲೆ ಬರೆದಳು: ‘ಪ್ಯಾಂಟು ಎರಡು ಬೆರಳು ಗಿಡ್ಡ ಮಾಡಬೇಕು, ಆಗುತ್ತಾ?’

ಚಹಾ ಕುಡಿದು ಬರುವಷ್ಟರಲ್ಲಿ ಉತ್ತರ ಬಂದಿತ್ತು. ‘ಆಗುತ್ತೆ. ಶನಿವಾರ ಬೆಳಗ್ಗೆ ತನ್ನಿ. ಅವತ್ತು ಬೇರೆ ಕೆಲಸ ಇಟ್ಟುಕೊಳ್ಳಲ್ಲ.’ ಒಳಗೇನಿದೆ ಎಂದು ಇಣುಕದೆ, ಮೇಲಿನ ಸಾಲು ನೋಡಿಯೇ ಬರೆದಿದ್ದಳು. ನಿಯಮಕ್ಕೆ ಅದು ಸಾಕು. ಉತ್ತರ ಬಂದರೆ ಒಪ್ಪಿದಂತೆ.

ಶನಿವಾರ ಬೆಳಗ್ಗೆ ಲಾರಿಯವನ ಫೋನು ಬಂತು. “ಮೇಡಂ, ಈಯಮ್ಮ ಡಬ್ಬ ಒಳಗೆ ಬಿಟ್ಕೊಳ್ತಿಲ್ಲ. ಸಹಿ ಹಾಕಿದ್ರೆ ಆಮೇಲೆ ದುಡ್ಡು ಕೇಳ್ತೀರ ಅಂತಾರೆ. ಬಾಗಿಲ ಹತ್ರ ಇಳಿಸಿದೀನಿ. ಇನ್ನೆರಡು ಮನೆ ಮುಗಿಸ್ಕೊಂಡು ಬರ್ತೀನಿ, ಅಷ್ಟರೊಳಗೆ ತಗೊಳ್ಳಲಿಲ್ಲಾಂದ್ರೆ ವಾಪಸ್.”

ಸಾಲಕ್ಕ ಬೀರು ತೆರೆದು ಗಂಡನ ಬೂದು ಬಣ್ಣದ ಪ್ಯಾಂಟನ್ನು ಚೀಲಕ್ಕೆ ತುರುಕಿದಳು.

“ಅದು ಸರಿಯಾಗೇ ಇದೆಯಲ್ಲೇ, ಎಲ್ಲಿಗೆ ತಗೊಂಡು ಹೋಗ್ತಿದೀಯ?” ಎಂದ ಗಂಡ.

“ಬರ್ತೀನಿ ಇರಿ,” ಎಂದು ಹೊರಟಳು.

ಮೂರನೆಯ ಮಹಡಿಯ ಕಾರಿಡಾರಿನಲ್ಲಿ, ಅರ್ಧ ದಾರಿಗೆ ಅಡ್ಡವಾಗಿ ಆ ದೊಡ್ಡ ಡಬ್ಬ ನಿಂತಿತ್ತು. ಬಾಗಿಲು ತೆರೆದ ಹೆಂಗಸಿನ ಕುತ್ತಿಗೆಯಲ್ಲಿ ಅಳತೆಯ ಟೇಪು, ಎದೆಯ ಮೇಲೆ ಬಟ್ಟೆಗೆ ಚುಚ್ಚಿದ ಗುಂಡುಪಿನ್ನುಗಳು. “ಪ್ಯಾಂಟಿನವರಾ? ಬನ್ನಿ ಬನ್ನಿ, ಆ ಡಬ್ಬ ದಾಟ್ಕೊಂಡು ಬನ್ನಿ. ಯಾರೋ ಬಿಟ್ಟು ಹೋಗಿದಾರೆ,” ಎಂದಳು. ಕುರ್ಚಿಯ ಮೇಲಿನ ಬಟ್ಟೆ ಎತ್ತಿ ಜಾಗ ಮಾಡಿಕೊಟ್ಟಳು. ಮೇಜು ಒರೆಸಿತ್ತು, ಕತ್ತರಿ ಸಾಣೆ ಹಿಡಿದು ಇಟ್ಟಿತ್ತು. ಕಿಟಕಿಯ ಕೆಳಗೆ, ಮಿಷನ್ ಇರಬೇಕಾದ ಕಡೆ, ನೆಲದಲ್ಲಿ ನಾಲ್ಕು ಕಾಲಿನ ಗುರುತು ಮಾತ್ರ ಇತ್ತು.

“ಮಿಷನ್ ಇಲ್ವಾ?” ಎಂದಳು ಸಾಲಕ್ಕ.

“ಇತ್ತು. ಹೊಸದು ಹೊರಡ್ತಿದೆ, ಜಾಗ ಮಾಡಿದೀರಾ ಅಂತ ಬಂತು ಇಮೇಲು. ಹಳೇದನ್ನ ನಾದಿನಿಗೆ ಕೊಟ್ಟೆ. ಅವಳ ಮನೇಲಿ ಅದೀಗ ಸಂಸಾರ ನಡೆಸ್ತಿದೆ, ವಾಪಸ್ ಕೊಡು ಅನ್ನೋಕೆ ಬಾಯಿ ಬರಲ್ಲ.” ದರ್ಜಿ ಹೆಂಗಸು ಪ್ಯಾಂಟನ್ನು ಮೇಜಿನ ಮೇಲೆ ಹರಡಿದಳು. “ಆಮೇಲಿಂದ ಕೈಹೊಲಿಗೆ. ಗಿರಾಕಿಗಳು ಎಷ್ಟು ದಿನ ಕಾಯ್ತಾರೆ? ನನ್ನ ಸೊಸೆ ಈಗಲೂ ಕೇಳ್ತಾಳೆ, ಅತ್ತೆ, ನಿಮ್ಮ ಮಿಷನ್ ಎಲ್ಲೀ ತನಕ ಬಂತು ಅಂತ.”

ಅರ್ಧಕ್ಕರ್ಧ ಜನ ಎಂದರೆ ಸಾಲಕ್ಕನ ಪಾಲಿಗೆ ಇಲ್ಲಿಯವರೆಗೆ ಪರದೆಯ ಮೇಲೆ ಏರುವ ಒಂದು ಗೀಟು. ಆ ಗೀಟಿನಲ್ಲಿ ಈ ಹೆಂಗಸೂ ಇದ್ದಳು, ಇವಳ ನಾದಿನಿಯೂ ಸೊಸೆಯೂ ಇದ್ದರು.

“ಆ ಡಬ್ಬದಲ್ಲಿ ಮಿಷನ್ ಇದೆ ಅಮ್ಮಾ. ನಿಮ್ಮದೇ. ದುಡ್ಡೇನೂ ಇಲ್ಲ.”

“ನಿಮಗೆ ಹೇಗೆ ಗೊತ್ತು?”

“ಇಮೇಲ್ ಬರೆಯೋಳು ನಾನೇ.”

“ಯಾವ ಇಮೇಲು?”

“ಜಾಗ ಮಾಡಿದೀರಾ ಅನ್ನೋದು. ವಾರಕ್ಕೆರಡು ಬರೋದು. ಎಲ್ಲ.”

ದರ್ಜಿ ಹೆಂಗಸು ಅವಳನ್ನು ನೋಡಿದಳು, ಮೇಜಿನ ಮೇಲಿನ ಪ್ಯಾಂಟನ್ನು ನೋಡಿದಳು. ಕೂಗಾಡಲಿಲ್ಲ. “ಪ್ಯಾಂಟಿನ ಮಾತೂ ನಿಮ್ಮದೇ ಸಾಲಾ?” ಎಂದಳು.

“ಹೂಂ.”

“ಹೊಸ ಗಿರಾಕಿ ಸಿಕ್ಕಿದ್ರು ಅಂತ ಬೆಳಗ್ಗೆಯಿಂದ ಕಾಯ್ತಾ ಕೂತಿದ್ದೆ.”

ಕೆಳಗೆ ಲಾರಿಯ ಹಾರ್ನು ಕೇಳಿಸಿತು. ದರ್ಜಿ ಹೆಂಗಸು ಕಾರಿಡಾರಿಗೆ ಹೋದಳು. “ನೀವೇ ಬಿಚ್ಚಿ. ಏನು ಬರತ್ತೆ ನೋಡೋಣ,” ಎಂದಳು. ಸಾಲಕ್ಕ ನೆಲದ ಮೇಲೆ ಕೂತು ಉಗುರಿನಿಂದ ಡಬ್ಬದ ಟೇಪು ಕಿತ್ತಳು. ಒಳಗೆ ಹೊಲಿಗೆ ಮಿಷನ್ ಇತ್ತು. ಕೈಯಿಂದ ಮುಟ್ಟಿ, ಚಕ್ರ ತಿರುಗಿಸಿ, ಸೂಜಿ ಏರಿ ಇಳಿಯುವುದನ್ನು ಕಣ್ಣಾರೆ ಕಂಡ ಮೇಲೆಯೇ ಆ ಹೆಂಗಸು ಮೇಲೆ ಬಂದ ಲಾರಿಯವನ ಕಾಗದಕ್ಕೆ ಸಹಿ ಹಾಕಿದ್ದು. ಹೆಂಗಸರಿಬ್ಬರೂ ಸೇರಿ ಅದನ್ನು ಎತ್ತಿ ಕಿಟಕಿಯ ಕೆಳಗೆ ಇಟ್ಟರು. ಸಾಲಕ್ಕ ಪ್ಯಾಂಟಿಗೆ ಕೈಚಾಚಿದಳು.

“ಇರಲಿ ಬಿಡಿ,” ಎಂದಳು ದರ್ಜಿ ಹೆಂಗಸು, ದಾರ ಪೋಣಿಸುತ್ತ. “ಗಿಡ್ಡ ಮಾಡಬೇಕು ಅಂತ ಬರೆದಿದೀರಿ. ಆಗುತ್ತೆ ಅಂತ ನಾನೂ ಬರೆದಿದೀನಿ.”

“ಅದು ಸುಮ್ಮನೆ ಬರೆದದ್ದಮ್ಮ. ನಮ್ಮೆಜಮಾನರಿಗೆ ಸರಿಯಾಗೇ ಆಗತ್ತೆ.”

“ನಾನು ಸುಮ್ಮನೆ ಬರೆದಿಲ್ಲ.”

ಟೇಪು ಹಿಡಿಯದೆ, ಎರಡು ಬೆರಳು ಇಟ್ಟು ಸೀಮೆಸುಣ್ಣದಿಂದ ಗೆರೆ ಎಳೆದು, ದರ್ಜಿ ಹೆಂಗಸು ಕತ್ತರಿ ಎತ್ತಿಕೊಂಡಳು. ಸಾಲಕ್ಕ ಚಾಚಿದ ಕೈಯನ್ನು ಹಿಂದೆಗೆದುಕೊಂಡಳು. ಕುರ್ಚಿಯಲ್ಲಿ ಕೂತು, ಎರಡನೆಯ ಕಾಲನ್ನೂ ಕತ್ತರಿಸಿ ಮುಗಿಸುವವರೆಗೆ ನೋಡುತ್ತಿದ್ದಳು.