ಸೆರಾಫಿಯಾ ಅತ್ತೆಯ ಗಂಟು

ನಮ್ಮತ್ತೆ ಸೆರಾಫಿಯಾ ನೀರು ದಾಟುವಾಗಲೆಲ್ಲ ತನ್ನ ಸಾವಿನ ಬಟ್ಟೆಯನ್ನು ಜೊತೆಗೇ ಒಯ್ಯುತ್ತಿದ್ದಳು. ಬಾಲ್ಟಿಕ್ ಸಮುದ್ರದ ಓಲಂಡಿನ ನಮ್ಮ ದ್ವೀಪದಲ್ಲಿ ಪ್ರತಿ ಮುದುಕಿಯ ಪೆಟ್ಟಿಗೆಯ ತಳದಲ್ಲೂ ಅಂಥದೊಂದು ಇರುತ್ತಿತ್ತು, ತಾನೇ ನೂತು, ನೇಯ್ದು, ಅಂಚು ಹೊಲಿದಿಟ್ಟ ಬಿಳಿ ನಾರುಬಟ್ಟೆ. ಅಂಚಿನಲ್ಲಿ ಒಂದು ಗೇಣು ಮಾತ್ರ ಹೊಲಿಯದೆ ಬಿಟ್ಟು, ಸೂಜಿ ದಾರವನ್ನು ಅಲ್ಲೇ ಚುಚ್ಚಿಡುತ್ತಿದ್ದರು. ಹೊಲಿಗೆ ಮುಗಿದರೆ ಆಯುಸ್ಸೂ ಮುಗಿಯಿತು ಎಂಬ ನಂಬಿಕೆ. ಆದರೆ ಅದನ್ನು ಗಂಟು ಕಟ್ಟಿ ದೋಣಿಗೆ ತರುವವಳು ಇವಳೊಬ್ಬಳೇ. ಮಾವ ಮುಳುಗಿದಾಗ ಹೆಣ ಬೇರೆ ದ್ವೀಪದ ದಡಕ್ಕೆ ಬಿದ್ದು, ಅಲ್ಲಿಯವರು ಯಾರದೋ ಹಳೇ ಹೊದಿಕೆಯಲ್ಲಿ ಸುತ್ತಿ ಹೂಳಿದ್ದರಂತೆ. "ಪರರ ಬಟ್ಟೇಲಿ ಮಣ್ಣಿಗೆ ಹೋಗೋಳಲ್ಲ ನಾನು" ಎನ್ನುತ್ತಿದ್ದಳು. ನಾನು ಅವಳ ಬೆನ್ನ ಹಿಂದೆ ನಗುತ್ತಿದ್ದೆ.

ಆ ಅಕ್ಟೋಬರಿನಲ್ಲಿ ನಾವಿಬ್ಬರೇ ಹೊರಗಿನ ನಡುಗಡ್ಡೆಗೆ ಕುರಿ ತರಲು ಹೋಗಿದ್ದೆವು. ಬೇಸಿಗೆಯಿಡೀ ಅಲ್ಲಿ ಮೇಯಲು ಬಿಟ್ಟ ಕುರಿಗಳನ್ನು ಹಿಮ ಬೀಳುವ ಮುಂಚೆ ಮನೆಗೆ ತರಲೇಬೇಕು. ನನ್ನ ಗಂಡ ಏವಾಲ್ಡ್ ಹಡಗಿನ ಕೆಲಸಕ್ಕೆ ಹೋಗಿ ಎಂಟು ತಿಂಗಳಾಗಿತ್ತು. ಐದು ತಿಂಗಳ ಮಗು ಸಿಗ್ನೆಯನ್ನು ಪಕ್ಕದ ಮನೆಯ ತಿಲ್ಡಾಳ ಕೈಗೆ ಕೊಟ್ಟು, ಮಧ್ಯಾಹ್ನದೊಳಗೆ ಬರುತ್ತೇನೆ ಎಂದಿದ್ದೆ. ನನ್ನ ಹಾಲು ಬಿಟ್ಟರೆ ಅದು ಬೇರೇನನ್ನೂ ಬಾಯಿಗೆ ಮುಟ್ಟಿಸಿಕೊಳ್ಳುತ್ತಿರಲಿಲ್ಲ. ಕುರಿಗಳ ಕಾಲು ಕಟ್ಟಲು ಹಗ್ಗ ಸಾಲದೆ ನನ್ನ ಏಪ್ರನ್ನನ್ನೇ ಹರಿದು ಕಟ್ಟಿದೆವು. ಆರು ಕುರಿ, ಇಬ್ಬರು ಹೆಂಗಸರು, ಒಂದು ಗಂಟು. ದೋಣಿ ತುಂಬಿಹೋಯಿತು.

ಅರ್ಧ ದಾರಿಯಲ್ಲಿ ಗಾಳಿ ಏರಿತು. ಒಂದು ಹೊಡೆತಕ್ಕೆ ತಲೆಯ ಮೇಲೆ ಪರ್ರನೆ ಸದ್ದಾಯಿತು. ಹಾಯಿ ಒಂದು ಮಾರುದ್ದ ಹರಿದು, ಎರಡೂ ಕಡೆ ಪಟಪಟ ಬಡಿದುಕೊಳ್ಳುತ್ತಿತ್ತು. ಹರಿದದ್ದು ನಾನು ಜೂನಿನಲ್ಲಿ ಹೊಲಿದ ಜಾಗದಲ್ಲೇ.

ಹೊಲಿಗೆ ಎಂದರೆ ನನಗೆ ಕೊಂಚ ಜಂಬ. ಮದುವೆಗೆ ಮುಂಚೆ ಪಾದ್ರಿಯ ಮನೆಯವರ ಅಂಗಿ ಹೊಲಿಯುತ್ತಿದ್ದವಳು ನಾನು. ಆ ಹಳೇ ಹಾಯಿಯ ಜೋಡಣೆ ಬಿಟ್ಟುಕೊಂಡಾಗ ಅತ್ತೆ, "ದೊಡ್ಡದಾಗಿ, ಸಡಿಲವಾಗಿ ಹಾಕೇ" ಎಂದಿದ್ದಳು. ಮುದುಕಿಗೇನು ಗೊತ್ತು ಎಂದುಕೊಂಡು ನಾನು ಸಾಸಿವೆಯಷ್ಟು ಸಣ್ಣ ಹೊಲಿಗೆಯನ್ನು ಬಿಗಿಬಿಗಿಯಾಗಿ ಹಾಕಿದ್ದೆ. ನೆರೆಯವರೆಲ್ಲ ಮುಟ್ಟಿ ನೋಡಿ ಹೊಗಳಿದ್ದೇ ಹೊಗಳಿದ್ದು. ಜೀರ್ಣವಾದ ಬಟ್ಟೆಗೆ ಸಾಲಾಗಿ ಅಷ್ಟು ತೂತು ಹಾಕುವುದೆಂದರೆ ಹರಿಯಲು ಗೆರೆ ಎಳೆದುಕೊಟ್ಟ ಹಾಗೆ ಎಂದು ನನಗೆ ಹೊಳೆಯಲೇ ಇಲ್ಲ.

"ಗಾಳಿ ತುಂಬಾ ಜೋರು ಅತ್ತೆ" ಎಂದೆ.

ಅತ್ತೆ ಹಾಯಿ ಇಳಿಸಿ, ಹರಿದ ಅಂಚಿನ ಮೇಲೆ ಬೆರಳಾಡಿಸಿದಳು. "ಹೂಂ, ಗಾಳಿ" ಎಂದಳು ಅಷ್ಟೇ.

ಗಾಳಿ ನಮ್ಮನ್ನು ನೂಕುತ್ತಿದ್ದ ಕಡೆಯಲ್ಲೇ ಹಂದಿಮರಿ ಬಂಡೆಗಳಿದ್ದವು. ಹೆಸರು ಮುದ್ದಾಗಿದ್ದರೂ ನಮ್ಮೂರಿನ ನಾಲ್ಕು ದೋಣಿ ನುಂಗಿದ ಬಂಡೆಗಳು ಅವು. ಅಲೆ ಒಡೆದು ಬಿಳಿ ನೊರೆ ಹಾರುವುದು ಕಾಣುತ್ತಿತ್ತು.

"ಕುರಿಗಳನ್ನ ನೀರಿಗೆ ಹಾಕೋಣ ಅತ್ತೆ, ದೋಣಿ ಹಗುರಾಗುತ್ತೆ!"

"ಹಗುರಾದ್ರೆ ಗಾಳಿ ಇನ್ನೂ ಬೇಗ ಎತ್ಕೊಂಡು ಹೋಗುತ್ತೆ. ಬುದ್ಧೀನ ತಿಲ್ಡಾ ಮನೇಲೇ ಬಿಟ್ಟು ಬಂದ್ಯಾ? ಹುಟ್ಟು ನಾನು ಹಾಕ್ತೀನಿ. ನನ್ನ ಕಣ್ಣಿಗೆ ಸೂಜಿ ಕಾಣಲ್ಲ, ಹೊಲಿಯೋಳು ನೀನೇ."

"ಯಾತರಿಂದ ಹೊಲೀಲಿ? ಹಳೇ ತೂತಲ್ಲಿ ನಿಲ್ಲಲ್ಲ. ಮೇಲೊಂದು ಬಟ್ಟೆ ಬೇಕು. ಲಂಗ ಬಿಚ್ಲಾ?"

"ಉಣ್ಣೆ ನೆನೆದ್ರೆ ಹಿಗ್ಗುತ್ತೆ. ನನ್ನ ಗಂಟು ಬಿಚ್ಚು."

"ಬೇಡ ಅತ್ತೆ! ಅದನ್ನ ಹಾಯಿಗೆ ಹಚ್ಚಿದ್ರೆ ಸಾವನ್ನ ಕರೆದಂಗೆ."

"ಅದು ಕರೀದೇನೇ ಬಂದು ನಿಂತಿದೆ, ನೋಡು ಅಲ್ಲಿ. ಬಿಚ್ಚೇ!"

ಬಿಚ್ಚಿದೆ. ಮಡಿಕೆಯೊಳಗೆ ಸೂಜಿಯಿತ್ತು, ಉಂಡೆ ದಾರವೂ ಇತ್ತು. ಹಾಯಿಯನ್ನು ಕುರಿಗಳ ಬೆನ್ನ ಮೇಲೆ ಹರಡಿ, ಹರಿದ ಜಾಗದ ಮೇಲೆ ಆ ಬಿಳಿ ಬಟ್ಟೆ ಹಾಸಿದೆ. ಕೆಳಗೆ ಕುರಿಗಳು ನಡುಗುತ್ತಿದ್ದವು, ಮೇಲೆ ನಾನು. ಒದ್ದೆ ಹಾಯಿಯಲ್ಲಿ ದಾರ ಸಿಕ್ಕಿಕೊಂಡು ಎಳೆಯಲು ಬರಲಿಲ್ಲ.

"ದಾರಾನ ಕುರಿ ಬೆನ್ನಿಗೆ ಉಜ್ಜು" ಎಂದು ಅತ್ತೆ ಕೂಗಿದಳು. ಉಣ್ಣೆಯ ಜಿಡ್ಡು ಹತ್ತಿದ ದಾರ ಸರಾಗವಾಗಿ ಓಡಿತು. ಸೂಜಿಯ ಹಿಂಬದಿ ಅಂಗೈಗೆ ಚುಚ್ಚಿ ರಕ್ತ ಬರುತ್ತಿತ್ತು. ತಲೆಯೆತ್ತಿದಾಗಲೆಲ್ಲ ಬಂಡೆ ಹತ್ತಿರವಾಗಿರುತ್ತಿತ್ತು. ಅರವತ್ತೆಂಟರ ಮುದುಕಿ ಹುಟ್ಟು ಎಳೆಯುವಾಗ ಅವಳ ಉಸಿರು ಸೀಳಿದ ಹಾಗೆ ಕೇಳುತ್ತಿತ್ತು. ಈ ಉಸಿರು ನಿಂತರೆ ಮುಗಿಯಿತು ಎಂದುಕೊಂಡೆ. ಅಷ್ಟರಲ್ಲಿ ಎದೆ ತುಂಬಿ ಬಂದು ಹಾಲು ರವಿಕೆಯನ್ನು ತೋಯಿಸಿತು. ಅಲ್ಲಿ ಸಿಗ್ನೆ ಹಸಿದು ಅಳುತ್ತಿದ್ದಾಳೆ, ಇಲ್ಲಿ ನಾನು ಸಾಯುತ್ತಿದ್ದೇನೆ. ನನಗೆ ಜೋರಾಗಿ ಅಳು ಬಂತು.

"ಬಂಡೆ ನೋಡ್ಬೇಡ, ಸೂಜಿ ನೋಡು! ಅಯ್ಯೋ, ಮತ್ತೆ ಸಣ್ಣಕ್ಕೆ ಹಾಕ್ತಿದ್ದೀಯಲ್ಲೇ! ಅದು ಹಾಯಿ, ಪಾದ್ರಿ ಕಾಲರ್ ಅಲ್ಲ!"

ನೋಡಿದರೆ ನಿಜ. ಹೆದರಿಕೆಯಲ್ಲಿ ಕೈ ತನ್ನ ಹಳೇ ಚಾಳಿಗೇ ಹೋಗಿತ್ತು. ಅವಳ ಮುಖ ನೋಡದೆ ಹೇಳಿಬಿಟ್ಟೆ. "ಅತ್ತೆ, ಗಾಳಿಯಲ್ಲ. ನನ್ನ ಹೊಲಿಗೆಯಿಂದಲೇ ಹರಿದದ್ದು."

"ಗೊತ್ತು ಕಣೇ. ಜೂನಲ್ಲೇ ಗೊತ್ತಿತ್ತು."

"ಮತ್ತೆ ಯಾಕೆ ಬಿಚ್ಚಿಸ್ಲಿಲ್ಲ?"

ಎರಡು ಸಲ ಹುಟ್ಟು ಎಳೆದ ಮೇಲೆ ಮಾತು ಬಂತು. "ಊರೋರು ಹೊಗಳ್ತಿದ್ರು. ಏವಾಲ್ಡ್ ಹೋದ್ಮೇಲೆ ನೀನು ನಕ್ಕಿದ್ದು ಅವತ್ತೇ ಮೊದ್ಲು. ಹೇಗೆ ಹೇಳ್ಲಿ? ನಂದೂ ತಪ್ಪೇ. ಹೊಲಿ, ಹೊಲಿ, ಮಾತು ಸಾಕು."

ಆಮೇಲೆ ಹೆಬ್ಬೆರಳಗಲ ಬಿಟ್ಟು ಬಿಟ್ಟು, ಹರಿದ ಜಾಗದಿಂದ ದೂರಕ್ಕೆ, ಗಟ್ಟಿ ಬಟ್ಟೆ ಸಿಕ್ಕಲ್ಲೆಲ್ಲ ಚುಚ್ಚಿದೆ. ಅಂಚಿನ ಆ ಬಿಟ್ಟ ಗೇಣು ಬಂದಾಗ ಕೈ ತಡೆಯಿತು. ಅಲ್ಲಿ ಮಾತ್ರ ಸೂಜಿ ತಾಗಿಸದೆ ದಾಟಿಸಿದೆ. ಅತ್ತೆ ನೋಡಿ, ಮತ್ತೆ ಹುಟ್ಟು ಎಳೆದಳು.

ಹಾಯಿಯನ್ನು ಅರ್ಧಕ್ಕೇ ಏರಿಸಿದೆವು. ನಾನು ಚುಕ್ಕಾಣಿ ಹಿಡಿದೆ. ಬಿಳಿ ತೇಪೆ ಗಾಳಿ ತುಂಬಿ ಉಬ್ಬಿತು, ದಾರಗಳು ಕಿರುಗುಟ್ಟಿದವು, ಹೊಲಿಯದ ಗೇಣು ಫಡಫಡ ಬಡಿಯಿತು. ಈಗ ಹರಿಯುತ್ತದೆ, ಈಗ ಹರಿಯುತ್ತದೆ ಎಂದು ಹಲ್ಲು ಕಚ್ಚಿ ಕೂತಿದ್ದೆ. ಕೊನೆಯ ಬಂಡೆ ಎಷ್ಟು ಹತ್ತಿರದಲ್ಲಿ ಹಾದುಹೋಯಿತೆಂದರೆ ಅದರ ಮೇಲಿನ ಪಾಚಿ ಕಂಡಿತು. ಹರಿಯಲಿಲ್ಲ.

ದಡ ಸೇರಿದಾಗ ಮೂರು ಗಂಟೆ. ಸಿಗ್ನೆ ಅತ್ತೂ ಅತ್ತೂ ನೀಲಿಯಾಗಿದ್ದಳು. ಒದ್ದೆ ಬಟ್ಟೆಯಲ್ಲೇ ಕೂತು ಹಾಲು ಕೊಟ್ಟೆ. ಅತ್ತೆಯ ಅಂಗೈ ಸುಲಿದುಹೋಗಿತ್ತು. ಅವಳು ಮೊದಲು ಕುರಿ ಎಣಿಸಿದಳು.

ಆ ತೇಪೆ ತಾತ್ಕಾಲಿಕದ್ದು. ಆದರೆ ಅದನ್ನು ಯಾರೂ ಬಿಚ್ಚಲಿಲ್ಲ, ಅತ್ತೆ ಇನ್ನೊಂದು ಬಟ್ಟೆ ನೇಯಲೂ ಇಲ್ಲ. ಮುಂದಿನ ವಸಂತದಲ್ಲಿ ಬರಿಗೈಯಲ್ಲಿ ದೋಣಿ ಹತ್ತಿದಳು. ಭಯಪಟ್ಟವಳು ನಾನು. "ಗಂಟೆಲ್ಲಿ ಅತ್ತೆ?" ಎಂದು ಕೇಳಿದೆ.

"ತಲೆ ಮೇಲೆ ನೋಡು, ಅದೂ ಜೊತೇಲೇ ಬರ್ತಿದೆ" ಎಂದು ನಕ್ಕಳು.

ನಾಲ್ಕನೇ ಚಳಿಗಾಲದಲ್ಲಿ ಅವಳು ತನ್ನ ಹಾಸಿಗೆಯಲ್ಲೇ ಹೋದಳು. ದೋಣಿಮನೆಗೆ ಹೋಗಿ ಹಾಯಿಯಿಂದ ಆ ಬಟ್ಟೆಯನ್ನು ಬಿಚ್ಚಿ ತಂದೆ. ಎಷ್ಟು ಒಗೆದರೂ ಡಾಂಬರು, ಕುರಿಯ ವಾಸನೆ ಹೋಗಲಿಲ್ಲ. ಒಂದು ಗೇಣು ಅಂಚು ಇನ್ನೂ ಹಾಗೇ ಇತ್ತು.

"ನೀನೇ ಹೊಲಿ, ನಿನ್ನ ಕೈ ನಯ" ಎಂದಳು ತಿಲ್ಡಾ.

ನಾನು ದೊಡ್ಡದಾಗಿ, ಸಡಿಲವಾಗಿ ಹಾಕಿದೆ. ಸೇರಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೊಲಿಗೆ ಮುಗಿದ ಮೇಲೂ ದಾರ ಕತ್ತರಿಸಲು ಬಹಳ ಹೊತ್ತು ಧೈರ್ಯ ಬರಲಿಲ್ಲ.