ಮರಳಿಗೆ ತಿರುಗುವ ಹಳಿ

ಉಳಿದ ಬೇಲಿಗಳೆಲ್ಲ ರಸ್ತೆಗೆ ನೇರವಾಗಿ ನಿಂತಿವೆ, ಇದೊಂದು ಮಾತ್ರ ಯಾಕೆ ಓರೆ, ಪಕ್ಕದ ಗ್ಯಾರೇಜುಗಳ ಸಾಲೂ ಓರೆ, ಮೊದಲೇ ಅಲ್ಲಿದ್ದ ಯಾವುದಕ್ಕೋ ದಾರಿ ಬಿಟ್ಟು ಕಟ್ಟಿದ ಹಾಗೆ — ಎನಿಡ್ ನಿಂತಳು, ಕೈಯಲ್ಲಿದ್ದ ನಕ್ಷೆ ತಿರುಗಿಸಿದಳು, ಮತ್ತೆ ತಿರುಗಿಸಿದಳು, ಮಡಿಕೆಯಲ್ಲಿ ಕಾಗದ ಹರಿದಿದೆ, ಹರಿದದ್ದೂ ಸರಿಯಾಗಿ ಬೇಕಾದ ಕಡೆಯೇ, ಲಾರ್ಕ್‌ಹಿಲ್ ಗಣಿಯಿಂದ ಕಾಲುವೆಯವರೆಗೆ ಕಲ್ಲಿದ್ದಲು ಇಳಿಯುತ್ತಿದ್ದ ಹಳಿಯ ಮೇಲೆಯೇ, ಥೂ, ಎಂಟು ತಿಂಗಳಾಯಿತು, ಪ್ರತಿ ಮಂಗಳವಾರ, ಸ್ಟೋಕ್ ಪಟ್ಟಣದ ಅರ್ಧ ಹಿತ್ತಿಲುಗಳಿಗೆ ಇಣುಕಿದ್ದಾಯಿತು, ಹಳಿ ಎಂಬುದು ಸೂಪರ್‌ಮಾರ್ಕೆಟ್ಟಿನ ಕಾರು ನಿಲ್ಲಿಸುವ ಜಾಗಕ್ಕೆ ನುಗ್ಗುತ್ತದೆ, ಆಚೆ ಕಡೆಯಿಂದ ಹೊರಗೆ ಬರುವುದೇ ಇಲ್ಲ, ಬಂದರೆ ಯಾರದೋ ಕೊಳದ ಕೆಳಗೆ, ಯಾರದೋ ಬಟ್ಟೆ ಒಣಹಾಕುವ ಕಂಬದ ಕೆಳಗೆ, ಇಷ್ಟು ದೊಡ್ಡ ವಸ್ತು, ದಿನಕ್ಕೆ ನಾನೂರು ಟನ್ ಹೊತ್ತ ವಸ್ತು, ಒಂದು ಮೊಳೆಯನ್ನೂ ಬಿಡದೆ ಹೇಗೆ ಮಾಯವಾಗುತ್ತದೆ, ಬರುವ ಸೋಮವಾರ ಈ ಮುಳ್ಳುಪೊದೆಯ ಜಾಗವನ್ನೂ ಅಗೆದು ಮನೆ ಕಟ್ಟುತ್ತಾರಂತೆ, ಆಮೇಲೆ ನಕ್ಷೆಯನ್ನು ಒಲೆಗೆ ಹಾಕುವುದೇ ಸರಿ — ಅಲ್ಲೇನೂ ಇಲ್ಲ ಡಕ್, ಸುಮ್ನೆ ಮಂಡಿ ಸವೆಸ್ಕೋಬೇಡ, ಹಿಂದಿನಿಂದ ಡೆಸ್ ಬ್ಲೂರ್ ಕೂಗುತ್ತಾನೆ, ಈ ಊರಿನಲ್ಲಿ ಎಲ್ಲರೂ ಎಲ್ಲರಿಗೂ ಡಕ್, ಎಪ್ಪತ್ತೊಂಬತ್ತರ ಮುದುಕ, ಅದೇ ಹಳಿಯ ಮೇಲೆ ಕೆಲಸ ಮಾಡಿದವನು, ಗ್ರಂಥಾಲಯದಲ್ಲಿ ತಾನಾಗಿ ಬಂದು ಮಾತಾಡಿಸಿ, ನಾನು ತೋರಿಸ್ತೀನಿ ಬಾ ಎಂದವನು, ತೋರಿಸಿದ್ದೆಲ್ಲ ತಪ್ಪು, ಫೆಬ್ರವರಿಯಲ್ಲಿ ಸ್ಮಶಾನದ ಹಿಂದೆ ಅಂದ, ಜೂನಿನಲ್ಲಿ ಟೈರ್ ಅಂಗಡಿಯ ಹತ್ತಿರ ಅಂದ, ಎರಡೂ ಕಡೆ ಕೆಸರು, ವಯಸ್ಸಾಯಿತು ಪಾಪ ಎಂದು ಸುಮ್ಮನಾದಳು, ಪಾಪ ಅನ್ನುವುದಕ್ಕೂ ಒಂದು ಮಿತಿ ಬೇಡವೇ — ಅಷ್ಟರಲ್ಲಿ ಪಕ್ಕದ ಅಡುಗೆಮನೆಯ ಕಿಟಕಿ ತೆರೆದು ಒಬ್ಬ ಹೆಂಗಸು, ಏನ್ ಡಕ್, ಏನ್ ಕಳ್ಕೊಂಡ್ರಿ ಅಲ್ಲಿ, ಬೆಕ್ಕಾ? ರೈಲ್ವೆ ಲೈನು, ಎಂದಳು ಎನಿಡ್. ಅಯ್ಯೋ, ಸ್ಟೇಷನ್ ಆ ಕಡೆ ಕಣ್ರೀ, ಹನ್ನೊಂದರ ಬಸ್ ಹತ್ತಿ. ಡೆಸ್ ನಕ್ಕ, ಎನಿಡ್ ನಗಲಿಲ್ಲ, ನಗುವ ಸ್ಥಿತಿಯಲ್ಲಿ ಇರಲಿಲ್ಲ, ಬೆಳಗ್ಗೆ ತಿಂದ ಚೀಸ್ ಹಾಕಿದ ಓಟ್‌ಕೇಕ್ ಎದೆಯಲ್ಲೇ ಕೂತಿದೆ.

ಇರಬೇಕು, ಇಲ್ಲೇ ಎಲ್ಲೋ ಇರಬೇಕು, ಅಪ್ಪ ಸುಳ್ಳು ಹೇಳುವವನಲ್ಲ, ಇಳಿಜಾರಿನ ನಡುವೆ ಒಂದು ಕವಲು ಇತ್ತು ಎಂದಿದ್ದ, ವ್ಯಾಗನ್‌ಗಳು ಕೈತಪ್ಪಿ ಓಡಿದರೆ ಆ ಕವಲಿಗೆ ತಿರುಗಿ ಮರಳ ರಾಶಿಗೆ ನುಗ್ಗಿ ನಿಲ್ಲಬೇಕು, ಅದಕ್ಕೇ ಇಟ್ಟದ್ದು, ಆದರೆ ಆ ದಿನ ಅದನ್ನು ಮುಚ್ಚಿಬಿಟ್ಟಿದ್ದರು ಎಂದ, ಗಣಿಯ ಕಚೇರಿಯವರು ಅಂಥ ಕವಲೇ ಅಲ್ಲಿರಲಿಲ್ಲ ಎಂದರು, ಅವರ ನಕ್ಷೆಯಲ್ಲೂ ಇಲ್ಲ, ಮುಗಿಯಿತು — ಅರವತ್ತೆಂಟರ ಮಾರ್ಚ್, ಎನಿಡ್‌ಗೆ ಒಂಬತ್ತು ವರ್ಷ, ಕೊಂಡಿ ಕಡಿದು ಹನ್ನೊಂದು ವ್ಯಾಗನ್ ಇಳಿಜಾರಿನಲ್ಲಿ ಹೊರಟು ಕೆಳಗಿನ ರಸ್ತೆಯ ಗೇಟು ಮುರಿದು ಬ್ರೆಡ್ ವ್ಯಾನಿನ ಮಿಸ್ಟರ್ ಹಲ್ಮ್‌ನನ್ನು ಗೋಡೆಗೆ ಅಪ್ಪಳಿಸಿ ಕೊಂದವು, ಬ್ರೇಕ್ ನೋಡಿಕೊಳ್ಳಬೇಕಾದ ಸ್ಟ್ಯಾನ್ಲಿ ಕ್ಲೂಲೋ ಆ ಹೊತ್ತಿನಲ್ಲಿ ಗುಡಿಸಲಿನಲ್ಲಿ ಕೂತು ಟೀ ಕುಡಿಯುತ್ತಿದ್ದ, ಹಾಗೆಂದು ವಿಚಾರಣೆಯಲ್ಲಿ ಬರೆದರು, ಸ್ಟ್ಯಾನ್ಲಿ ಕ್ಲೂಲೋ, ಅವಳ ಅಪ್ಪ, ಆಮೇಲೆ ಹದಿಮೂರು ವರ್ಷ ಕುರ್ಚಿಯಲ್ಲಿ ಕೂತ, ಸತ್ತ, ಶಾಲೆಯಲ್ಲಿ ಹಲ್ಮ್‌ನ ಮಗಳು ಡೋರೀನ್ ಅವಳ ಬೆಂಚಿನಿಂದ ಎದ್ದು ಹೋಗಿ ಬೇರೆ ಕಡೆ ಕೂತಳು, ಅರವತ್ತಾರರ ಹೆಂಗಸಾದ ಮೇಲೂ ಮಾರುಕಟ್ಟೆಯಲ್ಲಿ ಎದುರಾದರೆ ರಸ್ತೆ ದಾಟುತ್ತಾಳೆ, ಮೊನ್ನೆಯೂ ದಾಟಿದಳು, ಕೈಯಲ್ಲಿ ಎಲೆಕೋಸು ಹಿಡಿದುಕೊಂಡು ಬಸ್ಸಿನ ಎದುರಿಗೇ, ಅವಳಿಗೆ ತೋರಿಸಬೇಕು, ಬೇರೇನೂ ಬೇಡ, ನೋಡು ಡೋರೀನ್, ಇಲ್ಲಿತ್ತು, ಅಷ್ಟೇ, ಪಿಂಗಾಣಿ ಕಾರ್ಖಾನೆಯಲ್ಲಿ ನಲವತ್ತು ವರ್ಷ ಕಪ್-ಬಸಿಗಳಿಗೆ ಹೂವಿನ ಚಿತ್ರ ಅಂಟಿಸಿದ ಕೈ ತನ್ನದು, ಒಂದು ಕೂದಲೆಳೆಯಷ್ಟು ಓರೆಯಾದರೂ ಕಾಣುವ ಕಣ್ಣು, ಈ ಬೇಲಿ ಓರೆ, ಇದನ್ನು ಯಾವ ಮುದುಕನೂ ಹೇಳಿಕೊಡಬೇಕಿಲ್ಲ.

ಬೇಡ ಎನಿಡ್, ಮುಳ್ಳು ತರಚತ್ತೆ, ಎಂದ ಡೆಸ್, ದನಿ ಬೇರೆಯಾಗಿತ್ತು, ಅವಳು ಆಗಲೇ ಪೊದೆಯೊಳಗೆ, ತೋಳು ತರಚಿತು, ಸ್ಕಾರ್ಫ್ ಸಿಕ್ಕಿಕೊಂಡಿತು, ಬಿಟ್ಟಳು, ಗ್ಯಾರೇಜಿನ ಹಿಂಗೋಡೆಗೂ ಬೇಲಿಗೂ ನಡುವೆ ನೆಲ ಬಾಗುತ್ತ ಹೋಗುತ್ತದೆ, ಉದ್ದಕ್ಕೆ, ಒಂದು ವ್ಯಾಗನ್ ಅಗಲ, ಕೊನೆಯಲ್ಲಿ ಏನೂ ಇಲ್ಲ, ಹಳಿಯಿಲ್ಲ, ಹಳಿಯಡಿಯ ಮರದ ದಿಮ್ಮಿಯಿಲ್ಲ, ಮತ್ತೆ ಏನೂ ಇಲ್ಲ, ಅಳು ಬಂತು, ಸಿಟ್ಟಿನಿಂದ ಹಿಮ್ಮಡಿ ಊರಿ ನೆಲಕ್ಕೆ ಒದ್ದಳು, ಒದ್ದ ಜಾಗದಿಂದ ಹಳದಿ ಬಂತು — ಈ ಊರಿನ ಮಣ್ಣು ಎಲ್ಲಿ ಅಗೆದರೂ ಕಪ್ಪು, ಬೂದಿ, ಒಡೆದ ಬಸಿಯ ಚೂರು, ಇದು ಹಳದಿ, ಕೂತು ಎರಡೂ ಕೈಯಲ್ಲಿ ಬಗೆದಳು, ಮರಳು, ಮೊಣಕೈವರೆಗೂ ಬರೀ ಮರಳು, ಯಾರೋ ಹೊತ್ತು ತಂದು ಸುರಿದ ಮರಳು. ಡೆಸ್, ನೋಡ್ರಿ, ನೋಡ್ರಿ ಇಲ್ಲಿ, ಎಂದು ಮುಷ್ಟಿ ಎತ್ತಿದಳು, ಅವನು ನೋಡಲಿಲ್ಲ, ಬೇಲಿಯ ಗೂಟ ಹಿಡಿದು ನಿಂತಿದ್ದ, ಬೀಗ ನಾನೇ ಹಾಕಿದ್ದು, ಎಂದ. ಯಾವ ಬೀಗ? ಕವಲಿಗೆ. ದಿನಾ ಒಂದಲ್ಲ ಒಂದು ವ್ಯಾಗನ್ ತಪ್ಪಿ ಮರಳಿಗೆ ಹೋಗ್ತಿತ್ತು, ಎತ್ತೋಕೆ ಅರ್ಧ ದಿನ, ಮ್ಯಾನೇಜರ್ ಬೈದ, ಮುಚ್ಚು ಅಂದ, ಮುಚ್ದೆ, ಬೀಗದ ಕೈ ಆಫೀಸ್‌ಗೆ ಕೊಟ್ಟೆ, ಆಮೇಲೆ ವಿಚಾರಣೇಲಿ ಕವಲೇ ಇರ್ಲಿಲ್ಲ ಅನ್ನು ಅಂದ್ರು, ಅಂದೆ, ಇಪ್ಪತ್ತೆರಡು ವರ್ಷ ನಂಗೆ, ಮಗು ಹುಟ್ಟಿ ಹತ್ತು ದಿನ. ಮತ್ತೆ ಈ ಎಂಟು ತಿಂಗಳು, ಎಂದಳು ಎನಿಡ್, ಸ್ಮಶಾನ, ಟೈರ್ ಅಂಗಡಿ, ಎಲ್ಲ ಬೇಕೂಂತಲೇ ಮಾಡಿದ್ಯಾ ನೀನು — ನೀವು ಎಂಬುದು ಯಾವಾಗ ಬಿದ್ದುಹೋಯಿತೋ ತಿಳಿಯಲಿಲ್ಲ. ಮೊದ್ಲು ನಿಂಗೆ ಸಿಗಬಾರ್ದು ಅಂತ ಬಂದೆ, ಎಂದ ಮುದುಕ, ಆಮೇಲೆ ಸಿಕ್ಕಿಬಿಡ್ಲಿ ಅಂತ ಬರ್ತಿದ್ದೆ, ಬಾಯಿ ಬಿಟ್ಟು ಹೇಳೋಕೆ ಆಗ್ಲಿಲ್ಲ. ಹೊಡೆಯಬೇಕು ಅನ್ನಿಸಿತು, ಮರಳನ್ನು ಅವನ ಮುಖಕ್ಕೆ ಎರಚಬೇಕು, ಐವತ್ತಾರು ವರ್ಷ, ಅಮ್ಮ ಅಂಗಡಿಗೆ ಹೋಗಲು ಎರಡು ಬೀದಿ ಸುತ್ತಿಕೊಂಡು ಹೋಗುತ್ತಿದ್ದಳು, ಒಂದು ಮಾತು ಸಾಕಿತ್ತು, ಈಗ ಹೇಳುತ್ತಾನೆ, ಕೇಳಬೇಕಾದವರೆಲ್ಲ ಮಣ್ಣಾದ ಮೇಲೆ — ಡೋರೀನ್ ಇದಾಳೆ, ಎಂದಳು, ನಡಿ, ಅವಳ ಮುಂದೆ ಹೇಳು, ಇವತ್ತೇ. ಬರ್ತೀನಿ, ಎಂದ, ಬರ್ತೀನಿ ಎನಿಡ್, ಆದ್ರೆ ಇನ್ನೊಂದಿದೆ, ಟೀ ಕುಡೀತಿದ್ದ ಅಂತ ಬರೆದ್ರಲ್ಲ, ಅದೂ ಸುಳ್ಳು, ನಿಮ್ಮಪ್ಪ ಓಡಿದ, ಕೊಂಡಿ ಕಡಿದ ಕೂಡ್ಲೇ ಬ್ರೇಕ್ ಒತ್ತೋ ಕೋಲು ಹಿಡ್ಕೊಂಡು ವ್ಯಾಗನ್ ಹಿಂದೇನೇ ಓಡಿದ, ಡೆಸ್ ತೆಗಿ, ಡೆಸ್ ತೆಗಿ ಅಂತ ಕೂಗ್ತಾ, ನಾನು ಕವಲಿನ ಹತ್ರ ನಿಂತಿದ್ದೆ, ಬೀಗದ ಕೈ ಇರ್ಲಿಲ್ಲ ನನ್ ಹತ್ರ, ನನ್ನ ಮುಂದಿಂದಾನೇ ಹೋದ, ಆಮೇಲೂ ಎಲ್ಲೂ ನನ್ನ ಹೆಸರು ಎತ್ಲಿಲ್ಲ. ಓಡಿದನೇ, ಅಪ್ಪ ಓಡಿದನೇ, ಮನೆಯೊಳಗೆ ಕಂಬಳಿ ಹೊದ್ದು ಕೂತವನು, ಟೀ ಲೋಟ ಕಂಡರೆ ಮುಖ ತಿರುಗಿಸುತ್ತಿದ್ದವನು, ಡೆಸ್ ಇನ್ನೂ ಏನೋ ಹೇಳುತ್ತಿದ್ದಾನೆ, ಡೋರೀನ್ ಮನೆಗೆ ಯಾವ ಬಸ್ಸು ಎಂದು ಕೇಳುತ್ತಿದ್ದಾನೆ, ನಾಲ್ಕನೇ ನಂಬರು ಇರಬೇಕು, ನಾಲ್ಕೋ ಏಳೋ, ಇಳಿಜಾರಿನಲ್ಲಿ ಅಪ್ಪ ಓಡುತ್ತಿದ್ದಾನೆ, ಎರಡು ಹಳಿಗಳ ನಡುವೆ, ಕೋಲು ಎತ್ತಿ ಹಿಡಿದು, ಬಾಯಿ ತೆರೆದು, ವ್ಯಾಗನ್‌ಗಳು ಚಿಕ್ಕವಾಗುತ್ತ ಹೋಗುತ್ತವೆ, ಸಿಗುವುದಿಲ್ಲ ಅಂತ ಅವನಿಗೂ ಗೊತ್ತು, ಬಸ್ಸು ಏಳನೆಯದೇ, ಎದ್ದು ಹೇಳಬೇಕು, ಓಡುತ್ತಿದ್ದಾನೆ, ದಿಮ್ಮಿಯಿಂದ ದಿಮ್ಮಿಗೆ, ಎದ್ದು — ಕೋಲು ಎತ್ತಿ ಹಿಡಿದು ಅಪ್ಪ ಓಡುತ್ತಿದ್ದಾನೆ